ಸೊಂಟ ಹಿಡಿದವನು ಮಲಗಬೇಕೆ, ನಡೆಯಬೇಕೆ?

ಬೆಳಗಿನ ನಾಲ್ಕೂವರೆ ಗಂಟೆ. ಊರೆಲ್ಲ ಇನ್ನೂ ನಿದ್ದೆಯಲ್ಲಿರುವಾಗ ಹೋಟೆಲಿನ ಹಿಂಬದಿಯ ಅಡಿಗೆಮನೆಯಲ್ಲಿ ದೀಪ ಹೊತ್ತಿರುತ್ತದೆ. ಇಡ್ಲಿಯ ಹಿಟ್ಟು ತುಂಬಿದ ದೊಡ್ಡ ಪಾತ್ರೆಯನ್ನು ನೆಲದಿಂದೆತ್ತಿ ಕಟ್ಟೆಯ ಮೇಲಿಡಬೇಕು. ಸಾಂಬಾರಿನ ಹಂಡೆಯನ್ನು ಒಲೆಯಿಂದ ಇಳಿಸಬೇಕು. ಆರು ಗಂಟೆಗೆ ಬಾಗಿಲು ತೆರೆಯುವಷ್ಟರಲ್ಲಿ ದೋಸೆಯ ಕಾವಲಿ ಕಾದಿರಬೇಕು. ಇಂತಹ ಒಂದು ಬೆಳಗ್ಗೆ, ಮುಂಬಯಿಯ ಒಂದು ಹೋಟೆಲಿನಲ್ಲಿ ಇಪ್ಪತ್ತು ವರ್ಷಗಳಿಂದ ದೋಸೆ ಹೊಯ್ಯುತ್ತಿದ್ದ ನಮ್ಮ ಪರಿಚಿತರೊಬ್ಬರು ಹಿಟ್ಟಿನ ಪಾತ್ರೆಗೆ ಬಗ್ಗಿದವರು ಮೇಲೇಳಲಾರದೆ ಹೋದರು. ಜೊತೆಯವರಿಬ್ಬರು ತೋಳು ಕೊಟ್ಟು ಅವರನ್ನು ಖೋಲಿಗೆ ಮುಟ್ಟಿಸಿದರು.

ಅಲ್ಲಿಂದ ಮುಂದಿನ ಕಥೆ ನಮ್ಮಲ್ಲಿ ಅನೇಕರಿಗೆ ತಿಳಿದದ್ದೇ. ಅಲುಗಾಡಬೇಡಿ ಎಂದು ಎಲ್ಲರೂ ಹೇಳಿದರು. ಚಾಪೆಯ ಮೇಲೆ ಮೂರು ವಾರ ಮಲಗಿದ್ದಾಯಿತು. ಸಾಲ ಮಾಡಿ ಬೆನ್ನಿನ ಚಿತ್ರ ತೆಗೆಸಿದ್ದಾಯಿತು. “ಎಲುಬು ಸವೆದಿದೆ, ಡಿಸ್ಕು ಉಬ್ಬಿದೆ, ಇನ್ನು ಬಗ್ಗಬಾರದು, ಭಾರ ಎತ್ತಬಾರದು” ಎಂಬ ಅಪ್ಪಣೆಯೊಡನೆ ಸೊಂಟಕ್ಕೆ ಒಂದು ಪಟ್ಟಿ ಬಂತು. ಮರಳಿ ಕೆಲಸಕ್ಕೆ ಹೋದಾಗ ಕಾವಲಿಯ ಮುಂದೆ ಬೇರೊಬ್ಬರು ನಿಂತಿದ್ದರು. ಕಡಿಮೆ ಸಂಬಳದ ತರಕಾರಿ ಹೆಚ್ಚುವ ಕೆಲಸ ದೊರೆಯಿತು. ಬನಿಯನ್ನಿನ ಕೆಳಗೆ ಪಟ್ಟಿ ಬಿಗಿದುಕೊಂಡೇ ಅವರು ಒಂದು ದಿನ ಕೇಳಿದರು: “ಅಲ್ಲ ಮಾರಾಯ್ರೇ, ಇನ್ನು ಬಗ್ಗಲೇಬಾರದು ಅಂದರೆ ನಾನು ಊರಿಗೆ ಹೋಗಿ ಮಾಡುವುದಾದರೂ ಏನು? ಅಲ್ಲಿ ಗದ್ದೆಯಲ್ಲಿ ಬಗ್ಗದೆ ಆಗುತ್ತದೆಯೇ?”

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ, ಕಳೆದ ಮೂರು ನಾಲ್ಕು ದಶಕಗಳಲ್ಲಿ ವೈದ್ಯಶಾಸ್ತ್ರವು ಬೆನ್ನುನೋವಿನ ವಿಷಯದಲ್ಲಿ ತನ್ನ ಹಳೆಯ ಮಾತನ್ನು ಬಹುಮಟ್ಟಿಗೆ ಹಿಂದೆಗೆದುಕೊಂಡಿರುವುದು ಕಂಡುಬಂತು. ಆ ಸುದ್ದಿ ನಮ್ಮ ಖೋಲಿಗಳವರೆಗೆ ಇನ್ನೂ ಬಂದು ತಲುಪಿಲ್ಲ ಎಂಬುದೇ ಖೇದದ ಸಂಗತಿ.

ಬೆನ್ನುನೋವು ನಮ್ಮೊಬ್ಬರ ಪಾಡಲ್ಲ. 2023ರಲ್ಲಿ ‘ಲ್ಯಾನ್ಸೆಟ್ ರುಮಟಾಲಜಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಗಣನೆಯಂತೆ, 2020ರಲ್ಲಿ ಜಗತ್ತಿನಲ್ಲಿ ಸೊಂಟನೋವಿನಿಂದ ಬಳಲುತ್ತಿದ್ದವರ ಸಂಖ್ಯೆ ಸುಮಾರು 61 ಕೋಟಿ 90 ಲಕ್ಷ. 2050ರ ಹೊತ್ತಿಗೆ ಅದು 84 ಕೋಟಿಯನ್ನು ಮೀರಬಹುದೆಂದು ಅದೇ ತಜ್ಞರ ಅಂದಾಜು. ಮನುಷ್ಯನನ್ನು ಕೆಲಸಕ್ಕೆ ಬಾರದಂತೆ ಮಾಡುವ ಕಾರಣಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಹಾಸಿಗೆಯೆಂಬ ಔಷಧ

ಸೊಂಟ ಹಿಡಿದವನು ಮಲಗಿರಬೇಕೆಂಬ ಮಾತು ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದಲ್ಲಿ ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ಎಂಬ ಎಲುಬಿನ ವೈದ್ಯರು, ಮುರಿದ ಮೂಳೆಗೂ ಕ್ಷಯ ತಗಲಿದ ಕೀಲಿಗೂ ದೀರ್ಘ ವಿಶ್ರಾಂತಿಯೇ ಮದ್ದೆಂದು ಸಾರಿದರು. ಅವರ ಕಾಲಕ್ಕೆ, ಆ ರೋಗಗಳಿಗೆ, ಅದು ಸರಿಯೇ ಇತ್ತು. ಆದರೆ ಎಲುಬೂ ಮುರಿಯದ, ಕ್ಷಯವೂ ಇಲ್ಲದ ಸಾಮಾನ್ಯ ಸೊಂಟನೋವಿಗೂ ಅದೇ ಕಟ್ಟಳೆಯನ್ನು ಮುಂದಿನವರು ವಿಸ್ತರಿಸಿಬಿಟ್ಟರು. 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು, ಬೆನ್ನೆಲುಬುಗಳ ನಡುವಣ ಡಿಸ್ಕು ಹೊರಚಾಚಿ ನರವನ್ನು ಒತ್ತುವುದರಿಂದ ಕಾಲಿಗಿಳಿಯುವ ನೋವುಂಟಾಗುವುದೆಂದು ತೋರಿಸಿಕೊಟ್ಟ ಮೇಲಂತೂ, ಬೆನ್ನೆಂದರೆ ಸುಲಭವಾಗಿ ಕೆಡುವ ಒಂದು ಯಂತ್ರವೆಂಬ ಭಾವನೆ ಬೇರೂರಿತು. ಕೆಟ್ಟ ಯಂತ್ರವನ್ನು ನಿಲ್ಲಿಸುವುದಲ್ಲದೆ ಓಡಿಸುವವರುಂಟೆ?

ಇದನ್ನು ಪರೀಕ್ಷೆಗೆ ಒಡ್ಡಿದ್ದು ಬಹಳ ತಡವಾಗಿ. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ಎಂಬ ವೈದ್ಯರೂ ಅವರ ಸಂಗಡಿಗರೂ 203 ಮಂದಿ ಬೆನ್ನುನೋವಿನ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಗುಂಪಿಗೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಿರುವಂತೆ ಹೇಳಿದರು. ಗುಣವಾಗುವುದರಲ್ಲಿ ಇಬ್ಬರಿಗೂ ಭೇದವೇನೂ ಕಾಣಲಿಲ್ಲ. ಎರಡು ದಿನದವರು ಕೆಲಸ ಕಳೆದುಕೊಂಡ ದಿನಗಳು ಮಾತ್ರ ಶೇಕಡ 45ರಷ್ಟು ಕಡಿಮೆ.

ಆಮೇಲೆ ಬಂದದ್ದು ಫಿನ್ಲೆಂಡಿನ ಪ್ರಯೋಗ. ಇದರ ಬಗ್ಗೆ ನನಗೆ ವಿಶೇಷ ಆದರ. ಏಕೆಂದರೆ ಇದು ನಡೆದದ್ದು ಶ್ರೀಮಂತರ ಚಿಕಿತ್ಸಾಲಯದಲ್ಲಲ್ಲ, ಹೆಲ್ಸಿಂಕಿ ನಗರಾಡಳಿತದ ನೌಕರರ ಮೇಲೆ. ಹಠಾತ್ತನೆ ಸೊಂಟ ಹಿಡಿದು ವೈದ್ಯರ ಬಳಿಗೆ ಬಂದ 186 ನೌಕರರನ್ನು ಮೂರು ಗುಂಪು ಮಾಡಿದರು. ಮೊದಲಿನವರಿಗೆ ಎರಡು ದಿನ ಹಾಸಿಗೆ. ಎರಡನೆಯವರಿಗೆ ಬೆನ್ನನ್ನು ಬಾಗಿಸಿ ಬಳುಕಿಸುವ ವ್ಯಾಯಾಮ. ಮೂರನೆಯವರಿಗೆ, ನೋವು ತಡೆಯುವಷ್ಟರ ಮಟ್ಟಿಗೆ ನಿತ್ಯದ ಓಡಾಟ ಕೆಲಸಗಳನ್ನೇ ಮುಂದುವರಿಸಿ ಎಂಬ ಸಲಹೆ, ಅಷ್ಟೆ. ಮೂರು ವಾರಗಳ ಬಳಿಕ ನೋಡಿದಾಗಲೂ ಹನ್ನೆರಡು ವಾರಗಳ ಬಳಿಕ ನೋಡಿದಾಗಲೂ ಮೂರನೆಯ ಗುಂಪಿನವರೇ ಮುಂದೆ. ಮಲಗಿದವರು ಎಲ್ಲರಿಗಿಂತ ನಿಧಾನವಾಗಿ ಚೇತರಿಸಿಕೊಂಡಿದ್ದರು. 1995ರಲ್ಲಿ ಇದು ಪ್ರಕಟವಾದಂದಿನಿಂದ ಹಾಸಿಗೆಯ ಮಹಿಮೆ ಇಳಿಯುತ್ತಲೇ ಬಂದಿದೆ.

ಕಾರಣವೂ ಗಹನವಾದುದಲ್ಲ. ಬೆಳೆದವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳು ಹೋಗುವುದಿಲ್ಲ. ಅಕ್ಕಪಕ್ಕದ ಎಲುಬಿನಿಂದ ಜಿನುಗಿ ಬರುವ ಸಾರವೇ ಅದಕ್ಕೆ ಆಹಾರ. ಮಲಗಿದ ಮನುಷ್ಯನ ಸ್ನಾಯುಗಳು ದಿನದಿನಕ್ಕೆ ಕೃಶವಾಗುತ್ತವೆ. ಅದಕ್ಕಿಂತ ಹೆಚ್ಚಾಗಿ, ಮಲಗಿದವನ ಮನಸ್ಸಿನಲ್ಲಿ ಭಯ ಬೆಳೆಯುತ್ತದೆ. ಈ ಭಯದ ಮಾತಿಗೆ ಮತ್ತೆ ಬರುತ್ತೇನೆ.

ಚಿತ್ರದಲ್ಲಿ ಕಂಡದ್ದು

ನಮ್ಮ ಪರಿಚಿತರನ್ನು ಕಾವಲಿಯಿಂದ ದೂರ ಮಾಡಿದ್ದು ಅವರ ನೋವಿಗಿಂತಲೂ ಅವರ ಚಿತ್ರ. “ಸವೆದಿದೆ” ಎಂಬ ಒಂದು ಮಾತು ಮನುಷ್ಯನನ್ನು ಹೇಗೆ ಕುಗ್ಗಿಸುತ್ತದೆ ಎಂಬುದನ್ನು ಆ ಚಿತ್ರದ ಕೆಳಗೆ ವರದಿ ಬರೆಯುವವರು ಅರಿತಿದ್ದರೆ ಚೆನ್ನಾಗಿತ್ತು.

1994ರಲ್ಲಿ ಅಮೆರಿಕದಲ್ಲಿ, ಬೆನ್ನುನೋವೇ ಇಲ್ಲದ 98 ಮಂದಿಯ ಬೆನ್ನಿನ ಎಂ.ಆರ್.ಐ. ಚಿತ್ರಗಳನ್ನು ತೆಗೆದು ನೋಡಿದರು. ಅವರಲ್ಲಿ ಅರ್ಧಕ್ಕೂ ಮಿಕ್ಕವರಿಗೆ ಎಲ್ಲಾದರೂ ಒಂದೆಡೆ ಡಿಸ್ಕು ಉಬ್ಬಿತ್ತು. 2015ರಲ್ಲಿ ಇಂತಹ 33 ಅಧ್ಯಯನಗಳನ್ನು, ಅಂದರೆ ನೋವಿಲ್ಲದ 3,110 ಜನರ ಚಿತ್ರಗಳನ್ನು, ಒಟ್ಟುಗೂಡಿಸಿ ಲೆಕ್ಕಹಾಕಿದಾಗ, ಇಪ್ಪತ್ತು ವರ್ಷದ ತರುಣರಲ್ಲಿಯೇ ಶೇಕಡ 37 ಮಂದಿಗೆ ಡಿಸ್ಕು ‘ಸವೆದಿರುವುದು’ ಕಂಡಿತು. ಎಂಬತ್ತರ ವೃದ್ಧರಲ್ಲಿ ಅದು ಶೇಕಡ 96. ತಲೆಗೂದಲು ನರೆಯುವಂತೆ, ಮುಖ ಸುಕ್ಕುಗಟ್ಟುವಂತೆ ಡಿಸ್ಕೂ ವಯಸ್ಸನ್ನು ತೋರಿಸುತ್ತದೆ. ನರೆಗೂದಲನ್ನು ನೋಡಿ ತಲೆನೋವಿಗೆ ಇದೇ ಕಾರಣ ಎಂದು ಯಾರೂ ಹೇಳುವುದಿಲ್ಲ.

ನಿಜವಾಗಿಯೂ ಡಿಸ್ಕು ಹೊರಚಾಚಿ ನರವನ್ನು ಒತ್ತುತ್ತಿದ್ದರೂ ಅದು ಶಾಶ್ವತವೆಂದು ತಿಳಿಯಬೇಕಿಲ್ಲ. ಶಸ್ತ್ರಕ್ರಿಯೆಯಿಲ್ಲದೆ ಕಾದವರ ಚಿತ್ರಗಳನ್ನು ಕೆಲವು ತಿಂಗಳ ಬಳಿಕ ಮತ್ತೆ ತೆಗೆದು ನೋಡಿದ ಅಧ್ಯಯನಗಳನ್ನು 2017ರಲ್ಲಿ ಕ್ರೋಡೀಕರಿಸಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ಹೊರಚಾಚಿದ ಭಾಗವು ತಾನಾಗಿ ಕುಗ್ಗಿತ್ತು. ದೇಹವೇ ಅದನ್ನು ಅರಗಿಸಿಕೊಳ್ಳುತ್ತದೆ.

ಹಾಗೆಂದು ಚಿತ್ರವೇ ಬೇಡವೆಂದು ಹೇಳುವಂತಿಲ್ಲ. ವಾಚಕರು ಈ ಭಾಗವನ್ನು ದಯವಿಟ್ಟು ಎರಡು ಬಾರಿ ಓದಬೇಕು. ಸೊಂಟನೋವಿನೊಡನೆ ಮಲಮೂತ್ರಗಳ ಮೇಲಿನ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿಯಲ್ಲಿ ಅಥವಾ ಗುದದ ಸುತ್ತ ಸ್ಪರ್ಶ ತಿಳಿಯದಂತಾದರೆ, ಕಾಲು ಸೋತು ಪಾದ ಎಳೆಯತೊಡಗಿದರೆ, ಅದೇ ದಿನ, ಅದೇ ಗಳಿಗೆಯಲ್ಲಿ ದೊಡ್ಡಾಸ್ಪತ್ರೆಗೆ ಹೋಗತಕ್ಕದ್ದು. ಬೆಳಗಾಗಲಿ ಎಂದು ಕಾಯಬಾರದು. ಎತ್ತರದಿಂದ ಬಿದ್ದ ಮೇಲೆ ಬಂದ ನೋವು, ಹಿಂದೆ ಅರ್ಬುದ ರೋಗವಿದ್ದವರಿಗೆ ಹೊಸದಾಗಿ ಬಂದ ನೋವು, ಇವೂ ಉಪೇಕ್ಷಿಸತಕ್ಕವಲ್ಲ. ನಮ್ಮ ದೇಶದಲ್ಲಿ ಇನ್ನೊಂದನ್ನು ಮರೆಯಬಾರದು: ಬೆನ್ನೆಲುಬಿನ ಕ್ಷಯ. ವಾರಗಟ್ಟಲೆ ಬಿಡದೆ ಹೆಚ್ಚುತ್ತ ಹೋಗುವ, ರಾತ್ರಿ ಮಲಗಿದಾಗಲೂ ಕಾಡುವ ನೋವು, ಸಂಜೆಯ ಜ್ವರ, ಇಳಿಯುತ್ತಿರುವ ತೂಕ ಇವು ಜೊತೆಗೂಡಿದರೆ ಕೂಡಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಂದೇ ಖೋಲಿಯಲ್ಲಿ ಎಂಟು ಹತ್ತು ಜನ ಮಲಗುವ ನಮ್ಮವರಿಗೆ ಈ ಎಚ್ಚರ ವಿಶೇಷವಾಗಿ ಬೇಕು. ಕ್ಷಯದ ಔಷಧವು ಸರ್ಕಾರಿ ಯೋಜನೆಯಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ. ಪೂರ್ತಿ ಅವಧಿಯವರೆಗೆ ತೆಗೆದುಕೊಂಡರೆ ಗುಣವೂ ಆಗುತ್ತದೆ.

ಇಂತಹ ಲಕ್ಷಣಗಳಿರುವವರು ಸ್ವಲ್ಪ ಮಂದಿ. ಉಳಿದ ಬಹುಪಾಲು ಜನರ ಸೊಂಟನೋವಿಗೆ ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದಾದ ಕಾರಣವಿರುವುದಿಲ್ಲ.

ಕಾರಣವಿಲ್ಲದಿದ್ದರೆ ನೋವೇಕೆ ಎಂದು ಕೇಳಬಹುದು. ನೋವು ಎಷ್ಟಿದೆಯೋ ಗಾಯವೂ ಅಷ್ಟೇ ಇರಬೇಕೆಂಬುದು ನಮ್ಮ ರೂಢಿಯ ಲೆಕ್ಕ. ಈ ಲೆಕ್ಕವನ್ನು ಬುಡಮೇಲು ಮಾಡಿದವರು ರೊನಾಲ್ಡ್ ಮೆಲ್ಝ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು. ಪೆಟ್ಟಿನ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ ಬಂದಾಗ ಅಲ್ಲೊಂದು ಬಾಗಿಲಿದೆಯೆಂದೂ, ಆ ಬಾಗಿಲನ್ನು ಅಗಲಿಸುವುದಕ್ಕೂ ಕಿರಿದುಗೊಳಿಸುವುದಕ್ಕೂ ಮಿದುಳಿಗೆ ಅಧಿಕಾರವಿದೆಯೆಂದೂ ಅವರು 1965ರಲ್ಲಿ ಪ್ರತಿಪಾದಿಸಿದರು. ಅವರ ಚಿತ್ರಣದ ವಿವರಗಳು ಆಮೇಲೆ ತಿದ್ದುಪಡಿ ಹೊಂದಿದವಾದರೂ ಮುಖ್ಯ ತತ್ತ್ವ ನಿಂತಿದೆ. ನಿದ್ದೆಗೆಟ್ಟಾಗ, ಸಾಲದ ಚಿಂತೆ ಹತ್ತಿದಾಗ, ಕೆಲಸ ಹೋದೀತೆಂಬ ಹೆದರಿಕೆಯಿದ್ದಾಗ ಬಾಗಿಲು ಅಗಲವಾಗುತ್ತದೆ. ನೋವು ತಿಂಗಳುಗಟ್ಟಲೆ ಉಳಿದರೆ, ಕಳ್ಳನಿಲ್ಲದಿದ್ದರೂ ಗಾಳಿಗೆ ಅಲುಗಿದ ಎಲೆಗೆ ಬೊಗಳುವ ನಾಯಿಯಂತೆ, ನರಮಂಡಲವು ಸಣ್ಣ ಕಾರಣಕ್ಕೂ ಕೂಗಿಕೊಳ್ಳುವುದನ್ನು ಕಲಿತುಬಿಡುತ್ತದೆ. ನೋವು ಸುಳ್ಳಲ್ಲ, ನಾಯಿ ಬೊಗಳುತ್ತಿರುವುದು ನಿಜ. ಕಳ್ಳ ಮಾತ್ರ ಇಲ್ಲ.

ಗುಳಿಗೆ, ಪಟ್ಟಿ, ಸೂಜಿ

ಔಷಧದಂಗಡಿಯ ಗಲ್ಲೆಯ ಮುಂದೆ ನಿಂತು “ಸೊಂಟನೋವಿಗೆ ಏನಾದರೂ ಕೊಡಿ” ಎಂದು ಕೇಳುವುದು ನಮ್ಮವರ ಅಭ್ಯಾಸ. ರಜೆಯಿಲ್ಲದವನು ಮತ್ತೇನು ಮಾಡಿಯಾನು? ಆದರೆ 2014ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1,600ಕ್ಕೂ ಹೆಚ್ಚು ರೋಗಿಗಳಲ್ಲಿ ಪ್ಯಾರಸಿಟಮಾಲ್ ಗುಳಿಗೆಯನ್ನು ಪರೀಕ್ಷಿಸಿದಾಗ, ಗುಳಿಗೆ ನುಂಗಿದವರಿಗೆ ಗುಣವಾಗಲು 17 ದಿನ ಹಿಡಿದರೆ, ಔಷಧವಿಲ್ಲದ ಬರಿಯ ಹುಸಿಗುಳಿಗೆ ನುಂಗಿದವರಿಗೆ ಹಿಡಿದದ್ದು 16 ದಿನ. 2023ರಲ್ಲಿ ಅದೇ ನಗರದ ಸಂಶೋಧಕರು ಅಫೀಮಿನ ಜಾತಿಯ ಬಲವಾದ ನೋವುಗುಳಿಗೆಯನ್ನು ಹೊಸದಾಗಿ ಸೊಂಟ ಅಥವಾ ಕತ್ತು ಹಿಡಿದ 347 ಜನರಲ್ಲಿ ಪರೀಕ್ಷಿಸಿದರು. ಅದೂ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಚಟವಾಗುವ ಅಪಾಯ ಬೇರೆ. ಐಬುಪ್ರೊಫೆನ್ ಮೊದಲಾದ ಉರಿಯೂತ ಶಮನದ ಗುಳಿಗೆಗಳಿಂದ ಕೊಂಚ ಉಪಶಮನವುಂಟು. ಆದರೆ ಹಸಿದ ಹೊಟ್ಟೆಯಲ್ಲಿ ದಿನಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗುವುದು, ಮೂತ್ರಪಿಂಡ ಕೆಡುವುದು ಇವುಗಳ ಭಯವಿದೆ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ, ಬಹುಕಾಲದ ಸೊಂಟನೋವಿನ ಚಿಕಿತ್ಸೆಯ ಬಗ್ಗೆ ತನ್ನ ಮೊದಲ ಮಾರ್ಗದರ್ಶಿಕೆಯನ್ನು ಹೊರಡಿಸಿತು. ಸೊಂಟದ ಪಟ್ಟಿ, ಭಾರ ಕಟ್ಟಿ ಎಳೆಯುವ ಚಿಕಿತ್ಸೆ, ಶಬ್ದತರಂಗದ ಚಿಕಿತ್ಸೆ, ಅಫೀಮಿನ ಜಾತಿಯ ಗುಳಿಗೆಗಳು, ಇವುಗಳನ್ನು ವಾಡಿಕೆಯಾಗಿ ಕೊಡಕೂಡದೆಂದು ಅದು ಹೇಳಿದೆ. ವ್ಯಾಯಾಮ, ರೋಗಿಗೆ ತಿಳಿವಳಿಕೆ, ಮನೋಬಲ ತುಂಬುವ ಚಿಕಿತ್ಸೆ, ಅಂಗಮರ್ದನ ಮುಂತಾದ ಕೈಚಿಕಿತ್ಸೆಗಳಿಗೆ ಅದರ ಒಪ್ಪಿಗೆಯಿದೆ. ನಮ್ಮ ಕಡೆ ಎಷ್ಟೋ ಚಿಕಿತ್ಸಾಲಯಗಳಲ್ಲಿ ಇಂದಿಗೂ ಬೇಡವೆಂದದ್ದಕ್ಕೇ ಹಣ, ಬೇಕೆಂದದ್ದಕ್ಕೆ ಸಮಯವಿಲ್ಲ.

ಸೂಜಿಮದ್ದಿನ ಒಂದು ಸಂಗತಿಯನ್ನು ದೋಸೆ ಹೊಯ್ಯುವವರಿಗಾಗಿಯೇ ಹೇಳಬೇಕು. ಸೌಟು, ಮೊಗಚುವ ಕೈ ಹಿಡಿದು ಹಿಡಿದು ಮೊಣಕೈಯ ಹೊರಬದಿಯಲ್ಲಿ ಬರುವ ನೋವಿಗೆ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವವರುಂಟು. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 198 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ವಾರಗಳ ಹೊತ್ತಿಗೆ ಸೂಜಿ ಚುಚ್ಚಿಸಿಕೊಂಡವರೇ ಎಲ್ಲರಿಗಿಂತ ಸುಖವಾಗಿದ್ದರು. ಆದರೆ ಹಾಗೆ ಗುಣ ಕಂಡವರಲ್ಲಿ ಶೇಕಡ 72 ಮಂದಿಗೆ ಮುಂದೆ ನೋವು ಮರುಕಳಿಸಿತು. ವರ್ಷದ ಕೊನೆಗೆ, ಏನೂ ಮಾಡದೆ ಕಾದವರ ಸ್ಥಿತಿ ಸೂಜಿಯವರಿಗಿಂತ ಮೇಲಾಗಿತ್ತು. ಆರು ವಾರದ ಸುಖವನ್ನು ಸಾಲವಾಗಿ ತಂದು ವರ್ಷವೆಲ್ಲ ಬಡ್ಡಿ ಕಟ್ಟಿದಂತೆ.

ಹಾಗಾದರೆ ಏನು ಮಾಡಬೇಕು?

2023ರಲ್ಲಿ ಆಸ್ಟ್ರೇಲಿಯಾದಿಂದ ಬಂದ ವರದಿಯೊಂದು ಈ ಕ್ಷೇತ್ರದವರೆಲ್ಲರ ಗಮನ ಸೆಳೆಯಿತು. ಪೀಟರ್ ಕೆಂಟ್, ಪೀಟರ್ ಓಸಲಿವನ್ ಮೊದಲಾದ ಭೌತಚಿಕಿತ್ಸಾ ತಜ್ಞರು, ವರ್ಷಗಳಿಂದ ಸೊಂಟನೋವಿನಲ್ಲಿ ನರಳಿ, ಮಾಡಬೇಕಾದ ಚಿಕಿತ್ಸೆಯನ್ನೆಲ್ಲ ಮಾಡಿ ಬೇಸತ್ತಿದ್ದ 492 ಜನರನ್ನು ತೆಗೆದುಕೊಂಡರು. ಕೆಲವರಿಗೆ ವಾಡಿಕೆಯ ಚಿಕಿತ್ಸೆ. ಉಳಿದವರಿಗೆ ಹನ್ನೆರಡು ವಾರಗಳಲ್ಲಿ ಏಳು ಭೇಟಿಗಳವರೆಗೆ, ಆಮೇಲೆ ಒಂದು ಮರುಭೇಟಿ. ಈ ಭೇಟಿಗಳಲ್ಲಿ ನಡೆದದ್ದೇನು? ಮೊದಲು ರೋಗಿಯ ಕಥೆಯನ್ನು ಪೂರ್ತಿಯಾಗಿ ಕೇಳುವುದು. ನೋವು ಹೇಗೆ ಹುಟ್ಟಿ ಹೇಗೆ ಉಳಿಯಿತೆಂದು ಅವನಿಗೇ ಅರ್ಥವಾಗುವಂತೆ ಬಿಡಿಸಿಹೇಳುವುದು. ಬಳಿಕ ಅವನು ಯಾವ ಚಲನೆಗೆ ಹೆದರುತ್ತಾನೋ ಅದನ್ನೇ ತೆಗೆದುಕೊಳ್ಳುವುದು. ಬಗ್ಗಲು ಹೆದರುವವನಿಗೆ, ಉಸಿರು ಬಿಗಿಹಿಡಿಯದೆ, ಸೊಂಟವನ್ನು ಬಿಗಿಮಾಡದೆ, ಮೆಲ್ಲಗೆ ಬಗ್ಗುವುದನ್ನು ಕಲಿಸುವುದು. ನಾಳೆ ಸ್ವಲ್ಪ ಹೆಚ್ಚು, ನಾಡಿದ್ದು ಕೈಯಲ್ಲೊಂದು ಹಗುರ ಭಾರ. ಕೊನೆಗೆ ನಿದ್ದೆ, ನಡಿಗೆ, ಕೆಲಸ ಇವನ್ನು ಸರಿದಾರಿಗೆ ತರುವುದು. ಒಂದು ವರ್ಷದ ಬಳಿಕ ಇವರ ಅಶಕ್ತತೆಯೂ ನೋವೂ ವಾಡಿಕೆಯ ಚಿಕಿತ್ಸೆಯವರಿಗಿಂತ ಎಷ್ಟೋ ಕಡಿಮೆಯಾಗಿದ್ದುವು. 2025ರಲ್ಲಿ ಪ್ರಕಟವಾದ ಮುಂದಿನ ವರದಿಯು ಮೂರು ವರ್ಷಗಳ ಬಳಿಕವೂ ಗುಣ ಉಳಿದಿತ್ತೆಂದು ಹೇಳಿದೆ. ಕೆಲವರ ಮೈಗೆ ಚಲನೆಯನ್ನು ಅಳೆಯುವ ಯಂತ್ರವನ್ನೂ ಅಂಟಿಸಿದ್ದರು. ಅದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ ಎಂಬುದು ಬಡವರ ಪಾಲಿಗೆ ಒಳ್ಳೆಯ ಸುದ್ದಿಯೇ.

“ಬಗ್ಗಬಾರದು” ಎಂಬ ಅಪ್ಪಣೆಗೂ “ಹೆದರದೆ ಬಗ್ಗುವುದನ್ನು ಮತ್ತೆ ಕಲಿಯಿರಿ” ಎಂಬ ಸಲಹೆಗೂ ಇರುವ ಅಂತರ ದೊಡ್ಡದು. ಮೊದಲನೆಯದು ಒಬ್ಬ ಅಡಿಗೆಯವರ ಅನ್ನವನ್ನು ಕಿತ್ತುಕೊಂಡಿತು.

ಒಮ್ಮೆ ಗುಣವಾದ ಮೇಲೆ ಮತ್ತೆ ಬಾರದಂತೆ ತಡೆಯುವ ಬಗೆಯೂ ಉಂಟು, ಅದೂ ಕಾಸು ಖರ್ಚಿಲ್ಲದೆ. 2024ರಲ್ಲಿ ಸಿಡ್ನಿಯ ಮ್ಯಾಕ್ವರಿ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪರೀಕ್ಷೆಯಲ್ಲಿ, ಆಗತಾನೆ ಸೊಂಟನೋವಿನಿಂದ ಚೇತರಿಸಿಕೊಂಡಿದ್ದ 701 ಜನರಲ್ಲಿ ಅರ್ಧ ಮಂದಿಗೆ ನಡಿಗೆಯನ್ನು ವಿಧಿಸಿದರು. ಅವರವರ ಶಕ್ತಿಗೆ ತಕ್ಕಂತೆ ಆರಂಭಿಸಿ, ಆರು ತಿಂಗಳಲ್ಲಿ ವಾರಕ್ಕೆ ಐದು ಸಲ ಅರ್ಧ ಗಂಟೆಯ ನಡಿಗೆಗೆ ತಲುಪುವುದು ಗುರಿ. ನಡುನಡುವೆ ಆರು ಬಾರಿ ಭೌತಚಿಕಿತ್ಸಕರ ಸಲಹೆ. ನಡೆಯದವರಿಗೆ ಸಾಮಾನ್ಯವಾಗಿ 112 ದಿನಗಳಲ್ಲಿ ನೋವು ಮರಳಿದರೆ, ನಡೆದವರಿಗೆ 208 ದಿನಗಳವರೆಗೆ ಬರಲಿಲ್ಲ. ನಡೆದವರಲ್ಲಿ ಕಾಲುನೋವಿನ ದೂರುಗಳು ಹೆಚ್ಚಾಗಿದ್ದುವೆಂಬುದನ್ನೂ ಹೇಳಬೇಕು. ಆದ್ದರಿಂದಲೇ ಮೊದಲ ದಿನವೇ ಮೈಲುಗಟ್ಟಲೆ ನಡೆಯತಕ್ಕದ್ದಲ್ಲ.

ಇದನ್ನೋದಿದ ಹೋಟೆಲಿನ ಮಾಣಿಯೊಬ್ಬನು ನಗಬಹುದು. “ಸ್ವಾಮಿ, ಬೆಳಗಿನಿಂದ ರಾತ್ರಿಯವರೆಗೆ ಮೇಜಿಂದ ಮೇಜಿಗೆ ನಡೆಯುವುದೇ ನನ್ನ ಕಸಬು. ನನಗೇಕೆ ಸೊಂಟನೋವು?” ಪ್ರಶ್ನೆ ನ್ಯಾಯವಾದದ್ದು. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು, ಮುಖ್ಯವಾಗಿ ಹೃದಯದ ಆರೋಗ್ಯವನ್ನು ಕುರಿತು, ಇದನ್ನೇ ವಿಚಾರಿಸಿದ್ದಾರೆ. ಬಿಡುವಿನ ವೇಳೆಯ ಶ್ರಮ ದೇಹಕ್ಕೆ ಹಿತವನ್ನುಂಟುಮಾಡಿದರೆ, ದುಡಿಮೆಯ ಶ್ರಮ ಹಾಗೆ ಮಾಡುವುದಿಲ್ಲ. ವ್ಯಾಯಾಮ ಮಾಡುವವನು ಬೇಕಾದಾಗ ಆರಂಭಿಸಿ, ದಣಿದಾಗ ನಿಲ್ಲಿಸಿ, ಆಮೇಲೆ ವಿಶ್ರಮಿಸುತ್ತಾನೆ. ದುಡಿಯುವವನಿಗೆ ಆರಂಭವೂ ಮುಗಿತಾಯವೂ ತನ್ನ ಕೈಯಲ್ಲಿಲ್ಲ. ಗಂಟೆಗಟ್ಟಲೆ ನಿಂತಲ್ಲೇ ನಿಲುವು, ಒಂದೇ ಕೈಯಲ್ಲಿ ಭಾರ, ಚೇತರಿಕೆಗೆ ಬಿಡುವಿಲ್ಲ. ಆದುದರಿಂದ ಮಾಣಿಗೆ ಬೇಕಾದದ್ದು ಇನ್ನಷ್ಟು ನಡಿಗೆಯಲ್ಲ. ನಡುನಡುವೆ ಹತ್ತು ನಿಮಿಷ ಕೂರುವ ಅವಕಾಶ, ತುಂಬಿದ ತಟ್ಟೆಗಳನ್ನು ಎರಡು ಕೈಗೂ ಹಂಚುವ ಅಭ್ಯಾಸ, ಮತ್ತು ರಾತ್ರಿಯ ಪೂರ್ತಿ ನಿದ್ದೆ.

ರಾತ್ರಿಶಾಲೆಯಲ್ಲಿ ಓದಿ ತಟ್ಟೆಯನ್ನು ಬಿಟ್ಟು ಲೇಖನಿ ಹಿಡಿದ ನಮ್ಮ ಗುಮಾಸ್ತ ಬಂಧುಗಳದು ಬೇರೆ ಕಥೆ. ಅವರಿಗೆ ಕೂತು ಕೂತು ಕತ್ತು ಹೆಗಲುಗಳ ಬಾಧೆ. ಈಗ ಗಣಕಯಂತ್ರ ಬಂದು ಅದು ಹೆಚ್ಚಿದೆ. 2011ರಲ್ಲಿ ಡೆನ್ಮಾರ್ಕಿನಲ್ಲಿ, ಕತ್ತುಹೆಗಲಿನ ನೋವಿದ್ದ 198 ಕಚೇರಿ ನೌಕರರ ಮೇಲೆ ನಡೆದ ಪರೀಕ್ಷೆಯೊಂದು ಅವರಿಗೆ ಪ್ರಿಯವಾಗಬಹುದು. ಒಂದು ರಬ್ಬರ್ ಕೊಳವೆಯ ನಡುವನ್ನು ಪಾದದಡಿ ಮೆಟ್ಟಿ, ಎರಡು ತುದಿಗಳನ್ನು ಕೈಗಳಲ್ಲಿ ಹಿಡಿದು, ತೋಳುಗಳನ್ನು ಪಕ್ಕದಿಂದ ಹೆಗಲಿನ ಮಟ್ಟಕ್ಕೆ ಎತ್ತಿ ಇಳಿಸುವುದು, ಅಷ್ಟೇ ವ್ಯಾಯಾಮ. ಒಂದು ಗುಂಪಿನವರು ದಿನಕ್ಕೆ ಹನ್ನೆರಡು ನಿಮಿಷ, ಇನ್ನೊಂದು ಗುಂಪಿನವರು ಬರಿಯ ಎರಡು ನಿಮಿಷ, ವಾರಕ್ಕೆ ಐದು ದಿನದಂತೆ ಹತ್ತು ವಾರ ಮಾಡಿದರು. ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಳತೆಯಲ್ಲಿ, ವ್ಯಾಯಾಮ ಮಾಡದವರಿಗಿಂತ ಹನ್ನೆರಡು ನಿಮಿಷದವರಿಗೆ 1.9ರಷ್ಟು, ಎರಡು ನಿಮಿಷದವರಿಗೆ 1.4ರಷ್ಟು ನೋವು ಇಳಿಯಿತು. ಎರಡು ನಿಮಿಷ ಯಾವ ಸಾಹೇಬನ ಕಣ್ಣಿಗೂ ಬೀಳುವುದಿಲ್ಲ!

ಧಣಿಗಳಿಗೆ ಒಂದು ಮಾತು

ಇಷ್ಟೆಲ್ಲ ಓದಿ ಹೋಟೆಲಿನ ಧಣಿಗಳು, ಹಾಗಾದರೆ ನೋವೆಲ್ಲ ಮನಸ್ಸಿನದು, ಎದ್ದು ಕೆಲಸ ಮಾಡಿ ಎಂದು ಅರ್ಥ ಮಾಡಿಕೊಂಡರೆ ಅದು ಅನರ್ಥವಾದೀತು. ಭಾರವನ್ನು ಹೀಗೆ ಎತ್ತಿ, ಹಾಗೆ ಎತ್ತಬೇಡಿ ಎಂದು ನೌಕರನಿಗೆ ಪಾಠ ಹೇಳಿದರೆ ತಮ್ಮ ಹೊಣೆ ತೀರಿತೆಂದು ತಿಳಿಯುವವರಿದ್ದಾರೆ. ಅಮೆರಿಕದಲ್ಲಿ ಸುಮಾರು 4,000 ಅಂಚೆ ನೌಕರರಿಗೆ ಭೌತಚಿಕಿತ್ಸಕರಿಂದಲೇ ಅಂತಹ ಪಾಠ ಹೇಳಿಸಿ, ಐದು ವರ್ಷಗಳಿಗೂ ಮಿಕ್ಕಿ ಗಮನಿಸಿದರು. 1997ರಲ್ಲಿ ಪ್ರಕಟವಾದ ಫಲಿತಾಂಶ: ಬೆನ್ನಿನ ಪೆಟ್ಟುಗಳು ಒಂದಿಷ್ಟೂ ಕಡಿಮೆಯಾಗಲಿಲ್ಲ. 2016ರಲ್ಲಿ 21 ಪರೀಕ್ಷೆಗಳನ್ನು, 30,850 ಜನರ ಲೆಕ್ಕವನ್ನು ಒಟ್ಟು ಮಾಡಿ ನೋಡಿದಾಗಲೂ ಪಟ್ಟಿಯಿಂದ ನೋವು ತಪ್ಪಲಿಲ್ಲ; ವ್ಯಾಯಾಮವೂ ತಿಳಿವಳಿಕೆಯೂ ಕೂಡಿದಾಗ ಮಾತ್ರ ಹೊಸ ನೋವು ಬರುವ ಸಂಭವ ಶೇಕಡ 45ರಷ್ಟು ತಗ್ಗಿತು. ವ್ಯಾಯಾಮಕ್ಕೆ ಬೇಕಾದ ವೇಳೆಯನ್ನು ಕೊಡುವವರು ಯಾರು? ಹಿಟ್ಟಿನ ಪಾತ್ರೆ ಒಬ್ಬನು ಎತ್ತಲಾರದಷ್ಟು ದೊಡ್ಡದಿದ್ದರೆ ಅದನ್ನು ಎರಡು ಪಾತ್ರೆಯಾಗಿಸುವವರು, ನೆಲದ ಮೇಲಿರುವುದನ್ನು ಸೊಂಟದೆತ್ತರದ ಕಟ್ಟೆಗೆ ಏರಿಸುವವರು, ಗಾಲಿಯ ಬಂಡಿಯೊಂದನ್ನು ತಂದಿಡುವವರು ಧಣಿಗಳೇ ಅಲ್ಲವೆ?

ಕೂರುವುದಂತೂ ಈಗ ದಾಕ್ಷಿಣ್ಯದ ಪ್ರಶ್ನೆಯಾಗಿ ಉಳಿದಿಲ್ಲ. ನಿಂತೇ ದುಡಿಯುವ ಕಾರ್ಮಿಕರಿಗೆ ಅವಕಾಶ ಸಿಕ್ಕಾಗ ಕೂರಲು ಆಸನವಿರಬೇಕೆಂದು 1948ರ ಕಾರ್ಖಾನೆಗಳ ಕಾನೂನೇ ವಿಧಿಸಿತ್ತು. ಅಂಗಡಿಗಳಲ್ಲಿ ದುಡಿಯುವವರಿಗೆ ಆ ಭಾಗ್ಯವಿರಲಿಲ್ಲ. ಕೇರಳದ ಬಟ್ಟೆಯಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುತ್ತಿದ್ದ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ಹೋರಾಡಿದರು. ಅದರ ಫಲವಾಗಿ 2018ರಲ್ಲಿ ಆ ರಾಜ್ಯವು ಅಂಗಡಿಗಳ ಕಾನೂನನ್ನು ತಿದ್ದಿತು. 2021ರಲ್ಲಿ ತಮಿಳುನಾಡೂ ಹಾಗೆಯೇ ಮಾಡಿತು. ಒಂದು ಮುಕ್ಕಾಲಿಪೀಠದ ಬೆಲೆಯೆಷ್ಟು? ಹೋಟೆಲುಗಳ ಧಣಿಗಳು ಕಾನೂನು ಬಂದು ಬಾಗಿಲು ತಟ್ಟುವವರೆಗೆ ಕಾಯಬೇಕಿಲ್ಲ.

ನೌಕರರ ರಾಜ್ಯ ವಿಮಾ ಯೋಜನೆಯು ಹೋಟೆಲುಗಳಿಗೂ ಅನ್ವಯಿಸುತ್ತದೆ. ನಿಗದಿಯಾದ ವೇತನಮಿತಿಯೊಳಗಿನವರು ತಮ್ಮ ಹೆಸರು ನೋಂದಾಯಿಸಲ್ಪಟ್ಟಿದೆಯೇ ಎಂದು ಮ್ಯಾನೇಜರರನ್ನು ಧಾರಾಳವಾಗಿ ಕೇಳಬಹುದು. ಚಿಕಿತ್ಸೆಯಲ್ಲದೆ ಕಾಯಿಲೆಯ ದಿನಗಳ ಭತ್ಯೆಗೂ ಅದರಲ್ಲಿ ಏರ್ಪಾಡಿದೆ. ಭೌತಚಿಕಿತ್ಸೆಯೇನೂ ಸಿರಿವಂತರ ಸೊತ್ತಲ್ಲ. ನಮ್ಮ ದೇಶದಲ್ಲಿ ಅದರ ಮೊದಲ ಶಾಲೆ ತೆರೆದದ್ದೇ ಮುಂಬಯಿಯ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ, 1953ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ. ಪೋಲಿಯೋ ತಗಲಿ ಕಾಲು ಸೋತ ಮಕ್ಕಳಿಗಾಗಿ ಅಂದು ಆರಂಭವಾದ ವಿದ್ಯೆ ಅದು. ಇಂದು ದೊಡ್ಡ ನಗರಗಳ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆ. ಸರದಿ ಉದ್ದವಾಗಿರುತ್ತದೆ, ನಿಜ. ಅಲ್ಲಿಗೆ ಹೋದಾಗ ಯಂತ್ರದ ಕೆಳಗೆ ಮಲಗಿಸಿದರೆ ಸಾಲದು. “ನಾನು ಮನೆಯಲ್ಲಿ ಏನು ಮಾಡಬೇಕು, ಕೆಲಸಕ್ಕೆ ಹೇಗೆ ಮರಳಬೇಕು, ಹೇಳಿಕೊಡಿ” ಎಂದು ಕೇಳಬೇಕು.

ನಮ್ಮ ಪರಿಚಿತರು ಕೊನೆಗೆ ಅಂತಹ ಒಂದು ಆಸ್ಪತ್ರೆಗೆ ಹೋದರು. ಅಲ್ಲಿದ್ದ ತರುಣಿಯೊಬ್ಬಳು ಅವರ ಚಿತ್ರವನ್ನು ಬದಿಗಿಟ್ಟು, ಕುರ್ಚಿಯ ಮೇಲಿದ್ದ ಪುಸ್ತಕವನ್ನು ಬಗ್ಗಿ ತೆಗೆದುಕೊಡಿ ಎಂದಳಂತೆ. ಇವರು ಬೆವತುಹೋದರು, ಆದರೆ ತೆಗೆದುಕೊಟ್ಟರು. ಎರಡು ತಿಂಗಳಲ್ಲಿ ಪುಸ್ತಕ ಕುರ್ಚಿಯಿಂದ ಸ್ಟೂಲಿಗೆ, ಸ್ಟೂಲಿನಿಂದ ನೆಲಕ್ಕೆ ಇಳಿಯಿತು. ಈಗ ಅವರು ಬೆಳಗಿನ ಪಾಳಿಯಲ್ಲಿ ಮತ್ತೆ ಕಾವಲಿಯ ಮುಂದೆ ನಿಲ್ಲುತ್ತಾರೆ. ಸಂಜೆಯ ಪಾಳಿ ಇನ್ನೂ ಆ ಇನ್ನೊಬ್ಬರದೇ. ಹಿಟ್ಟಿನ ದೊಡ್ಡ ಪಾತ್ರೆಯನ್ನು ಇಬ್ಬರು ಹುಡುಗರು ಹಿಡಿದು ತರುತ್ತಾರೆ. ಕೆಲವು ದಿನ ನೋವು ಇದ್ದೇ ಇರುತ್ತದೆಯಂತೆ. ಪಟ್ಟಿ ಏನಾಯಿತೆಂದು ಕೇಳಿದೆ. ಖೋಲಿಯ ಗೂಟಕ್ಕೆ ತೂಗುಹಾಕಿದೆ, ಊರಿಗೆ ಹೋಗುವಾಗ ಹಾಸಿಗೆ ಕಟ್ಟಲು ಆದೀತು, ಎಂದರು.